ಮುಂಜಾನೆ ನಾಷ್ಟಾಕ್ಕೆ ಕಾಳು: ಹೊರದೇಶದ ಐದು ಅಡುಗೆ, ಕಲಬುರಗಿ–ಬೀದರ್ ಅಡುಗೆಮನೆಗೆ ಒಗ್ಗುವ ಹಾಗೆ

ಕಲಬುರಗಿ, ಬೀದರ್, ಯಾದಗಿರಿ ಸೀಮೆಯಲ್ಲಿ ಕಾಳಿಗೆ ಬರವಿಲ್ಲ. ಮುಂಗಾರಿಗೆ ಹೆಸರು, ಉದ್ದು, ಸೋಯಾ, ಹಿಂಗಾರಿಗೆ ಕಡಲೆ, ಜೂನ್‌ನಲ್ಲಿ ಬಿತ್ತಿ ಚಳಿಗಾಲದವರೆಗೂ ಹೊಲದಲ್ಲಿ ನಿಲ್ಲುವ ತೊಗರಿ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿತು. ಆದರೂ ನಾಷ್ಟಾದ ತಟ್ಟೆಯಲ್ಲಿ ಕಾಣುವುದು ಸುಸಲಾ, ಉಪ್ಪಿಟ್ಟು, ಅವಲಕ್ಕಿ, ಪೂರಿ. ಸುಸಲಾದ ಮೇಲೆ ಉದುರಿಸುವ ಪುಟಾಣಿ ಹಿಟ್ಟು, ಇಡ್ಲಿಯೊಳಗಿನ ಉದ್ದು ಬಿಟ್ಟರೆ ಇಡಿ ಕಾಳು ಮಧ್ಯಾಹ್ನದ ರೊಟ್ಟಿಗೇ ಕಾಯುತ್ತದೆ. ಕೈರೋ, ಲಾಗೋಸ್, ಯಾಂಗೊನ್‌ಗಳಲ್ಲಿ ಹಾಗಲ್ಲ. ಅಲ್ಲಿ ಬೆಳಗಿನ ಮೊದಲ ತುತ್ತೇ ಕಾಳಿನದು.

ಈ ಊರುಗಳ ಅಡುಗೆ ಬೇರೆ ಬೇರೆ, ಮಾಡುವ ಕ್ರಮ ಮಾತ್ರ ಹೆಚ್ಚುಕಡಿಮೆ ಒಂದೇ. ಹಿಂದಿನ ರಾತ್ರಿ ನೆನೆ ಹಾಕುತ್ತಾರೆ, ಕಾಳು ಪೂರ್ತಿ ಮೆತ್ತಗಾದ ಮೇಲೆ ಹುಳಿ ಸೇರಿಸುತ್ತಾರೆ, ಎಣ್ಣೆಯನ್ನು ಕಡೆಗೆ ಬಿಡುತ್ತಾರೆ, ಜೊತೆಗೆ ರೊಟ್ಟಿಯೋ ಅನ್ನವೋ ಗಂಜಿಯೋ ಇರುತ್ತದೆ. ಮುಂಜಾನೆ ಆರಕ್ಕೆ ಎದ್ದು ಕಾಳು ಹುಡುಕಿದರೆ ಎಂಟಕ್ಕೆ ನಾಷ್ಟಾ ಆಗುವುದಿಲ್ಲ. ಅರ್ಧ ಕೆಲಸ ರಾತ್ರಿಯೇ ಮುಗಿದಿರಬೇಕು.

ಕಾಳು ಕೊಳ್ಳುವಾಗ

ಕಾಳು ಎಷ್ಟು ಹಳೆಯದು ಎಂಬುದನ್ನು ಮೊದಲು ನೋಡಿ. ನಮ್ಮ ಕಡೆ ಏಪ್ರಿಲ್–ಮೇ ತಿಂಗಳಲ್ಲಿ ತಾಪ 40 ಡಿಗ್ರಿ ದಾಟುತ್ತದೆ. ತಗಡಿನ ಗೋದಾಮಿನೊಳಗೆ ಅದಕ್ಕಿಂತ ಹೆಚ್ಚು. ಬಿಸಿಲಿನ ಹಿಂದೆಯೇ ಮಳೆಗಾಲದ ತೇವ ಬರುತ್ತದೆ. ಹೀಗೆ ಒಂದೆರಡು ಬೇಸಿಗೆ ಕಂಡ ಕಾಳಿನ ಒಳರಚನೆ ಬಿಗಿಯಾಗಿ, ಎಷ್ಟು ಸೀಟಿ ಕೂಗಿಸಿದರೂ ನಡುವೆ ಗಟ್ಟಿಯಾಗಿಯೇ ಉಳಿಯುತ್ತದೆ. ಕಲಬುರಗಿಯ ನೆಹರೂ ಗಂಜ್, ಬೀದರಿನ ಗಾಂಧಿ ಗಂಜ್‌ನಂಥ ಕಡೆ ಬಿಡಿಯಾಗಿ ಕೊಳ್ಳುವವರು ಈ ಸಲದ ಮಾಲೇ ಎಂದು ಕೇಳಿ ತೆಗೆದುಕೊಳ್ಳಿ. ಹೆಸರು, ಉದ್ದು ಆಗಸ್ಟ್ ಕಡೆಯಿಂದ ಸೆಪ್ಟೆಂಬರ್‌ಗೆ ಬರುತ್ತವೆ, ಸೋಯಾ ಅದರ ಹಿಂದೆಯೇ, ಕಡಲೆ ಫೆಬ್ರವರಿ ಸುಮಾರಿಗೆ. ಸಿಪ್ಪೆ ಸುಕ್ಕುಗಟ್ಟಿದ, ಬಣ್ಣ ಮಂಕಾಗಿ ಕಪ್ಪಿಟ್ಟ, ಮುಷ್ಟಿ ಹಿಡಿದರೆ ಪುಡಿ ಉದುರುವ ಕಾಳು ಬೇಡ. ಸಂದೇಹವಿದ್ದರೆ ಇಪ್ಪತ್ತು ಕಾಳು ತಂದು ರಾತ್ರಿ ನೆನೆಸಿ ನೋಡಿ. ಮುಂಜಾನೆ ನಾಲ್ಕೈದು ಕಾಳು ಕಲ್ಲಿನಂತೆ ಹಾಗೇ ಉಳಿದಿದ್ದರೆ ಆ ಮಾಲು ನಾಷ್ಟಾಕ್ಕೆ ಆಗುವುದಿಲ್ಲ, ಬೀಸಿಸಿ ಹಿಟ್ಟು ಮಾಡಿಕೊಳ್ಳಬಹುದು.

ನೆನೆ ಹಾಕಿದ ನೀರು ದಟ್ಟ ಹಸಿರಾದರೆ ಆ ವಟಾಣಿಗೆ ಬಣ್ಣ ಹಚ್ಚಿರುವ ಸಾಧ್ಯತೆ ಇದೆ, ಚೆಲ್ಲಿಬಿಡಿ. ಈ ಕಾರಣಕ್ಕೇ ಒಣ ವಟಾಣಿಯಲ್ಲಿ ಬಿಳಿಯದನ್ನೇ ಕೊಳ್ಳುವುದು ವಾಸಿ.

ನೀರು, ಉಪ್ಪು, ಸೋಡಾ

ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಕಾಳು ಬೇಯುವುದಿಲ್ಲ ಎಂಬ ದೂರು ಸಾಮಾನ್ಯ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳಿನ ಸಿಪ್ಪೆ ಮತ್ತು ಕೋಶಗಳ ನಡುವಿನ ಪೆಕ್ಟಿನ್‌ಗೆ ಅಂಟಿಕೊಂಡು ಅದನ್ನು ಗಟ್ಟಿ ಮಾಡುತ್ತವೆ. ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತಿದ್ದರೆ ನಿಮ್ಮದೂ ಗಡಸು ನೀರೇ. ನೆನೆ ಹಾಕಲು ಮತ್ತು ಬೇಯಿಸಲು ಕುಡಿಯುವ ಫಿಲ್ಟರ್ ನೀರನ್ನೇ ಬಳಸಿ. ತೊಳೆಯಲು ನಲ್ಲಿ ನೀರು ಸಾಕು.

ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎನ್ನುವ ಮಾತು ಮನೆಮನೆಯಲ್ಲಿದೆ. ನೆನೆಸುವ ನೀರಿಗೆ ಉಪ್ಪು ಹಾಕಿ ನೋಡಿದರೆ ಉಲ್ಟಾ ಗೊತ್ತಾಗುತ್ತದೆ. ಒಂದು ಲೀಟರ್ ನೀರಿಗೆ 15 ಗ್ರಾಂ, ಅಂದರೆ ಎರಡೂವರೆಯಿಂದ ಮೂರು ಸಣ್ಣ ಚಮಚ ಪುಡಿ ಉಪ್ಪು ಕರಗಿಸಿ ಎಂಟು ತಾಸು ನೆನೆಸಿದರೆ ಉಪ್ಪಿನ ಸೋಡಿಯಂ ಸಿಪ್ಪೆಯಲ್ಲಿನ ಕ್ಯಾಲ್ಸಿಯಂನ ಜಾಗ ಹಿಡಿಯುತ್ತದೆ. ಸಿಪ್ಪೆ ಮೆತ್ತಗಾಗುತ್ತದೆ, ಬೇಯುವಾಗ ಒಡೆಯುವುದೂ ಕಡಿಮೆ. ಆ ನೀರು ಬಸಿದು, ಒಮ್ಮೆ ತೊಳೆದು, ಹೊಸ ನೀರಿನಲ್ಲಿ ಬೇಯಿಸಿ. ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ಸಕ್ಕರೆ ಅಂಶಗಳಲ್ಲಿ ಒಂದಷ್ಟು ಆ ನೀರಿನ ಜೊತೆಗೇ ಹೋಗುತ್ತದೆ. ಮೊಳಕೆ ಕಟ್ಟುವ ಕಾಳಿಗೆ ಮಾತ್ರ ಉಪ್ಪುನೀರು ಬೇಡ, ಮೊಳಕೆ ಏಳುವುದಿಲ್ಲ.

ತಿನ್ನುವ ಸೋಡಾ ಬೇಕೇ? ಹಳೆಯ ಕಡಲೆಗೆ, ತೀರಾ ಗಡಸು ನೀರಿಗೆ ಬೇಕಾಗಬಹುದು. 250 ಗ್ರಾಂ ಒಣ ಕಾಳಿಗೆ ಕಾಲು ಸಣ್ಣ ಚಮಚಕ್ಕಿಂತ ಹೆಚ್ಚು ಹಾಕಿದರೆ ಸಿಪ್ಪೆ ಲೋಳೆಯಾಗುತ್ತದೆ, ಸಾಬೂನಿನ ರುಚಿ ಬರುತ್ತದೆ, ಕಾಳಿನ ಬಿ1 ಜೀವಸತ್ವವೂ ಹಾಳಾಗುತ್ತದೆ. ಹುಣಸೆ, ಟೊಮ್ಯಾಟೊ, ನಿಂಬೆರಸ ಇವೆಲ್ಲ ಕಾಳು ಬೆರಳಲ್ಲಿ ಹಿಸುಕಿದರೆ ಪಿಚಕ್ಕೆನ್ನುವಷ್ಟು ಬೆಂದ ಮೇಲೆ. ಮೊದಲೇ ಹುಳಿ ಬಿದ್ದರೆ ಇನ್ನೊಂದು ತಾಸು ಕುದಿಸಿದರೂ ಪ್ರಯೋಜನವಿಲ್ಲ.

ಬೇಸಿಗೆಯಲ್ಲಿ ಇನ್ನೊಂದು ತೊಡಕು ಇದೆ. ಹೊರಗಿಟ್ಟ ನೆನೆಕಾಳು ಆರು ತಾಸಿಗೇ ಹುಳಿತು ನೊರೆ ಬರುತ್ತದೆ. ರಾತ್ರಿ ಹತ್ತಕ್ಕೆ ನೆನೆ ಹಾಕಿ ಫ್ರಿಜ್‌ನಲ್ಲಿಡಿ. ಫ್ರಿಜ್ ಇಲ್ಲದಿದ್ದರೆ ಮಲಗುವ ಮುಂಚೆ ಒಮ್ಮೆ ನೀರು ಬದಲಿಸಿ, ನೀರಿನ ಗಡಿಗೆಯ ಪಕ್ಕದ ತಂಪಿನಲ್ಲಿಡಿ.

ಬಲೀಲಾ: ಜೀರಿಗೆ, ನಿಂಬೆ ಹಾಕಿದ ಬಿಸಿ ಕಡಲೆ

ಈಜಿಪ್ಟಿನ ಹೆಸರಾಂತ ನಾಷ್ಟಾ ಫೂಲ್ ಮೆದಮ್ಮಿಸ್. ಅವರೆಯನ್ನು ಹೋಲುವ ಸಣ್ಣ ಫಾವಾ ಕಾಳನ್ನು ಕಿರಿದಾದ ಕೊರಳಿನ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ರಾತ್ರಿಯಿಡೀ ಬೇಯಿಸಿ, ಮುಂಜಾನೆ ಎಣ್ಣೆ, ಜೀರಿಗೆ, ಬಳ್ಳೊಳ್ಳಿ, ನಿಂಬೆ ಹಾಕಿ ದಪ್ಪ ರೊಟ್ಟಿಯ ಜೊತೆ ತಿನ್ನುತ್ತಾರೆ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಫಾವಾ ಸಿಗುವುದು ಅಪರೂಪ. ಆನ್‌ಲೈನ್‌ನಲ್ಲಿ ತರಿಸುವವರು ಒಂದು ಮಾತು ನೆನಪಿಡಬೇಕು: ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಫಾವಾ ತಿಂದರೆ ರಕ್ತದ ಕೆಂಪುಕಣಗಳು ಒಡೆದು ಪ್ರಾಣಕ್ಕೇ ಅಪಾಯವಾಗಬಹುದು. ಮನೆಯಲ್ಲಿ ಯಾರಿಗಾದರೂ ಈ ಕೊರತೆ ಇದೆ ಎಂದು ಡಾಕ್ಟರು ಹೇಳಿದ್ದರೆ ಫಾವಾ ಮನೆಗೇ ತರಬೇಡಿ.

ಫಾವಾ ಬದಲು ಬೇರೆ ಕಾಳು ಹಾಕಿ ಅದನ್ನೇ ಫೂಲ್ ಎಂದು ಕರೆಯುವುದಕ್ಕಿಂತ ಲೆಬನಾನ್, ಸಿರಿಯಾ ಕಡೆಯ ಬಲೀಲಾ ಮಾಡುವುದು ಮೇಲು. ಅದು ಮೂಲದಲ್ಲೇ ಕಾಬೂಲ್ ಕಡಲೆಯದು. ನಾಲ್ಕು ಮಂದಿಗೆ 200 ಗ್ರಾಂ ಕಡಲೆ ಉಪ್ಪುನೀರಿನಲ್ಲಿ ನೆನೆಸಿ. ಮುಂಜಾನೆ ಬಸಿದು ಕುಕ್ಕರಿಗೆ ಹಾಕಿ, ಮೇಲೆ ಎರಡು ಬೆರಳು ನಿಲ್ಲುವಷ್ಟು ನೀರು, ಅರ್ಧ ಚಮಚ ಉಪ್ಪು. ದೊಡ್ಡ ಉರಿಯಲ್ಲಿ ಒಂದು ಸೀಟಿ, ಆಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ, ಹಬೆ ತಾನಾಗಿ ಇಳಿಯುವವರೆಗೆ ಮುಚ್ಚಳ ಮುಟ್ಟಬಾರದು. ಸೀಟಿ ಎತ್ತಿ ಹಬೆ ಬಿಟ್ಟರೆ ಒಳಗಿನ ನೀರು ಒಮ್ಮೆಲೇ ಉಕ್ಕಿ ಸಿಪ್ಪೆಗಳೆಲ್ಲ ಬಿಚ್ಚಿಕೊಳ್ಳುತ್ತವೆ.

ಇಷ್ಟರೊಳಗೆ ಎಂಟು ಎಸಳು ಬಳ್ಳೊಳ್ಳಿಯನ್ನು ಉಪ್ಪಿನ ಜೊತೆ ಕಲ್ಲಿನಲ್ಲಿ ನುಣ್ಣಗೆ ಜಜ್ಜಿ, ಎರಡು ನಿಂಬೆಹಣ್ಣಿನ ರಸದಲ್ಲಿ ಹತ್ತು ನಿಮಿಷ ಬಿಡಿ. ಹುಳಿ ತಾಗಿ ಹಸಿ ಬಳ್ಳೊಳ್ಳಿಯ ಗಾಟು ತಗ್ಗುತ್ತದೆ. ಬಿಸಿ ಕಡಲೆಯಲ್ಲಿ ಕಾಲು ಭಾಗ ಸೌಟಿನಿಂದ ಹಿಸುಕಿ, ಒಂದು ಬಟ್ಟಲು ಬೆಂದ ನೀರಿನ ಜೊತೆ ಕದಡಿ ದಪ್ಪ ಮಾಡಿ. ಬಳ್ಳೊಳ್ಳಿ ರಸ, ಒಂದೂವರೆ ಚಮಚ ಹುರಿದು ಪುಡಿ ಮಾಡಿದ ಜೀರಿಗೆ, ಮೇಲೆ ಎರಡು ದೊಡ್ಡ ಚಮಚ ಎಣ್ಣೆ. ಅವರು ಆಲಿವ್ ಎಣ್ಣೆ ಬಿಡುತ್ತಾರೆ. ಗಾಣದ ಕುಸುಬೆ ಎಣ್ಣೆ ಇದ್ದರೆ ಅದೂ ಚೆನ್ನಾಗಿ ಹೊಂದುತ್ತದೆ. ಎಳ್ಳಿನ ತಹಿನಿ ಬೇಕೆನ್ನುವವರು 50 ಗ್ರಾಂ ಬಿಳಿ ಎಳ್ಳನ್ನು ಬಣ್ಣ ಬದಲಾಗದಷ್ಟು ಮಾತ್ರ ಹುರಿದು ಎರಡು ಚಮಚ ಎಣ್ಣೆ ಹಾಕಿ ರುಬ್ಬಿ. ನಿಂಬೆರಸ ಬಿದ್ದ ಕೂಡಲೇ ಅದು ಗಟ್ಟಿಯಾಗಿ ಮುದ್ದೆಗಟ್ಟುತ್ತದೆ. ಕೆಟ್ಟಿತೆಂದು ಗಾಬರಿ ಬೇಡ, ಚಮಚ ಚಮಚವಾಗಿ ತಣ್ಣೀರು ಬೆರೆಸುತ್ತ ಹೋದರೆ ಬೆಳ್ಳಗೆ ಸಡಿಲವಾಗುತ್ತದೆ. ಜೋಳದ ಬಿಸಿ ರೊಟ್ಟಿಗೆ ಇದು ಒಪ್ಪುತ್ತದೆ, ಕಟಕ್ ರೊಟ್ಟಿಗಂತೂ ಇನ್ನೂ ಹೆಚ್ಚು.

ಅಕರಾ: ಅಲಸಂದಿಯ ಕರಿದ ಉಂಡೆ

ನೈಜೀರಿಯಾದಲ್ಲಿ ಮುಂಜಾನೆ ರಸ್ತೆ ಬದಿಯಲ್ಲಿ ಕರಿಯುವುದು ಅಕರಾ. ಅದರ ಜೊತೆ ಕುಡಿಯುವುದು ಹುಳಿ ಬರಿಸಿದ ಮೆಕ್ಕೆಜೋಳ ಅಥವಾ ಬಿಳಿಜೋಳದ ಗಂಜಿ, ಓಗಿ. ನಮ್ಮ ಜೋಳದ ಅಂಬಲಿ ಅದಕ್ಕೆ ತೀರಾ ಹತ್ತಿರ. ಅಟ್ಲಾಂಟಿಕ್ ದಾಟಿ ಗುಲಾಮರ ಜೊತೆ ಬ್ರೆಜಿಲ್‌ಗೆ ಹೋದ ಇದೇ ಅಕರಾ ಬಾಹಿಯಾದಲ್ಲಿ ಅಕರಜೆ ಆಗಿದೆ. ಹಿಟ್ಟು, ಸೋಡಾ ಯಾವುದೂ ಬೀಳುವುದಿಲ್ಲ. ಉಬ್ಬುವುದೆಲ್ಲ ಕೈಯಿಂದ ಬಡಿದ ಗಾಳಿಯಿಂದ. ಹಾಗಾಗಿ ಇಲ್ಲಿ ಕ್ರಮ ತಪ್ಪಬಾರದು.

1. 250 ಗ್ರಾಂ ಕಪ್ಪುಕಣ್ಣಿನ ಬಿಳಿ ಅಲಸಂದಿಯನ್ನು 40 ನಿಮಿಷ ನೆನೆಸಿ. ಮಿಕ್ಸಿಯಲ್ಲಿ ನೀರಿನ ಜೊತೆ ಎರಡು ಮೂರು ಸಲ ಒಂದೊಂದು ಕ್ಷಣ ತಿರುಗಿಸಿ, ಕಾಳು ಎರಡು ಹೋಳಾದರೆ ಸಾಕು.

2. ದೊಡ್ಡ ಪಾತ್ರೆಗೆ ಸುರಿದು ಅಂಗೈಗಳ ನಡುವೆ ಉಜ್ಜಿ, ನೀರು ತುಂಬಿ, ತೇಲಿದ ಸಿಪ್ಪೆ ಬಗ್ಗಿಸಿ ಚೆಲ್ಲಿ. ಆರೇಳು ನೀರು ಬೇಕಾಗುತ್ತದೆ. ಸಿಪ್ಪೆಯ ಜೊತೆ ಕಪ್ಪುಕಣ್ಣೂ ಹೋಗಬೇಕು. ಈ ಕೆಲಸ ಬೇಸರದ್ದು, ರಾತ್ರಿ ಟಿವಿ ಮುಂದೆ ಕೂತು ಮುಗಿಸುವಂಥದ್ದು.

3. ಸಿಪ್ಪೆ ತೆಗೆದ ಬೇಳೆಯನ್ನು ಹೊಸ ನೀರಿನಲ್ಲಿ ಫ್ರಿಜ್‌ನಲ್ಲಿಡಿ. ಮುಂಜಾನೆ ಪೂರ್ತಿ ಬಸಿದು ಒಂದು ಉಳ್ಳಾಗಡ್ಡಿ, ಮೂರು ಹಸಿಮೆಣಸಿನಕಾಯಿ ಜೊತೆ ರುಬ್ಬಿ. ನೀರು 60ರಿಂದ 90 ಮಿಲಿ, ಅದಕ್ಕಿಂತ ಹೆಚ್ಚಿಲ್ಲ.

4. ಅಗಲವಾದ ಪಾತ್ರೆಯಲ್ಲಿ ಕೈಯಿಂದ ಒಂದೇ ದಿಕ್ಕಿಗೆ ಎಂಟು ಹತ್ತು ನಿಮಿಷ ಬಡಿಯಿರಿ. ಬಣ್ಣ ಬೆಳ್ಳಗಾಗಿ ಹಿಟ್ಟು ಮೇಲೇಳುತ್ತದೆ. ಬಟ್ಟಲು ನೀರಿಗೆ ಒಂದು ಹನಿ ಹಿಟ್ಟು ಬಿಡಿ. ತೇಲಿದರೆ ಆಯಿತು, ಮುಳುಗಿದರೆ ಇನ್ನೂ ಬಡಿಯಬೇಕು.

5. ಉಪ್ಪು, ಸಣ್ಣಗೆ ಹೆಚ್ಚಿದ ಇನ್ನೊಂದು ಉಳ್ಳಾಗಡ್ಡಿ ಬೀಳುವುದು ಎಣ್ಣೆ ಕಾದ ಮೇಲೆಯೇ. ಮೊದಲೇ ಹಾಕಿದರೆ ಉಳ್ಳಾಗಡ್ಡಿ ನೀರು ಬಿಟ್ಟು ಹಿಟ್ಟು ಕುಸಿಯುತ್ತದೆ.

6. ಎಣ್ಣೆ 175–180 ಡಿಗ್ರಿ ಇರಲಿ, ಅಂದರೆ ಹನಿ ಹಿಟ್ಟು ಬಿದ್ದು ಒಂದೆರಡು ಕ್ಷಣದಲ್ಲಿ ಮೇಲೆ ಬರಬೇಕು. ಚಮಚದಿಂದ ಜಾರಿಸಿ ನಾಲ್ಕೈದು ನಿಮಿಷ, ಒಮ್ಮೆ ಮಗುಚಿ.

ಚಪ್ಪಟೆಯಾಗಿ ಹರಡಿದರೆ ರುಬ್ಬುವಾಗ ನೀರು ಹೆಚ್ಚಾಗಿದೆ. ಒಂದು ಚಮಚ ಕಡಲೆಹಿಟ್ಟು ಹಾಕಿದರೆ ಆ ಹೊತ್ತಿಗೆ ಉಳಿಯುತ್ತದೆ, ಆದರೆ ತಿನ್ನುವಾಗ ಅದು ನಮ್ಮ ಭಜಿಯೇ ಆಗಿರುತ್ತದೆ. ಒಳಗೆ ಹಿಟ್ಟುಹಿಟ್ಟಾಗಿ ಗಟ್ಟಿ ಇದ್ದರೆ ಬಡಿದದ್ದು ಸಾಲದು. ಎಣ್ಣೆ ಕುಡಿದಿದ್ದರೆ ಉರಿ ಸಣ್ಣದಾಗಿತ್ತು, ಇಲ್ಲವೇ ಒಮ್ಮೆಗೇ ಹೆಚ್ಚು ಬಿಟ್ಟಿರಿ.

ಪೆ ಬ್ಯೌ: ಮೊಳಕೆ ವಟಾಣಿ, ನಾನ್ ಜೊತೆ

ಮ್ಯಾನ್ಮಾರ್‌ನಲ್ಲಿ ಬೆಳಗಿನ ಹೊತ್ತು ಕಾಣುವ ಬೆಂದ ಮೊಳಕೆ ವಟಾಣಿ ಇದು. ಬಿಸಿ ನಾನ್ ಮೇಲೆ ಹರಡಿ, ಇಲ್ಲವೇ ಹಿಂದಿನ ದಿನದ ಅನ್ನ ಹುರಿದು ಅದಕ್ಕೆ ಬೆರೆಸಿ ತಿನ್ನುತ್ತಾರೆ. ಈ ಐದರಲ್ಲಿ ಕಲಬುರಗಿ, ಬೀದರ್ ಪೇಟೆಯವರಿಗೆ ಎಲ್ಲಕ್ಕಿಂತ ಸುಲಭ ಇದೇ, ಯಾಕೆಂದರೆ ನಾನ್ ಭಟ್ಟಿಯಿಂದ ತರಬಹುದು.

ಇಡಿ ಬಿಳಿ ವಟಾಣಿ 250 ಗ್ರಾಂ ಹತ್ತು ತಾಸು ನೆನೆಸಿ, ತೆಳು ಅರಿವೆಯಲ್ಲಿ ಸಡಿಲವಾಗಿ ಕಟ್ಟಿ ತೂಗುಹಾಕಿ. ಬೇಳೆಯಾದದ್ದು, ಪಾಲಿಶ್ ಆದದ್ದು ಮೊಳೆಯುವುದಿಲ್ಲ. ಬಾಲ ಬೆಳೆಯಬೇಕಾಗಿಲ್ಲ, ಬಿಳಿ ತುದಿ ಇಣುಕಿದರೆ ಸಾಕು. ಬೇಸಿಗೆಯಲ್ಲಿ 12 ತಾಸಿಗೇ ಆಗುತ್ತದೆ, ಡಿಸೆಂಬರಿನ ಬೀದರ್ ಚಳಿಗೆ ಒಂದು ದಿನ ಮೀರಬಹುದು. ಆಗ ಗಂಟನ್ನು ಮುಚ್ಚಿದ ಡಬ್ಬಿಯಲ್ಲಿಡಿ. ಬೇಸಿಗೆಯಲ್ಲಿ ನಾಲ್ಕು ತಾಸಿಗೊಮ್ಮೆ ಗಂಟನ್ನು ತಣ್ಣೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡದಿದ್ದರೆ ಕಾಳು ಜಿಗಟಾಗಿ ವಾಸನೆ ಬರುತ್ತದೆ. ಜಿಗಟಾದದ್ದನ್ನು ತೊಳೆದು ಬೇಯಿಸುವ ಉಳಿತಾಯ ಬೇಡ.

ಮೊಳಕೆ ಕಾಳು ಬೇಗ ಬೇಯುತ್ತದೆ. 750 ಮಿಲಿ ನೀರು, ಚಿಟಿಕೆ ಅರಿಶಿನ, ಚಿಟಿಕೆ ಸೋಡಾ ಹಾಕಿ ತೆರೆದ ಪಾತ್ರೆಯಲ್ಲಿ 35–45 ನಿಮಿಷ, ಉಪ್ಪು ಕಡೆಯ ಹತ್ತು ನಿಮಿಷಕ್ಕೆ. ಕುಕ್ಕರ್ ಇಟ್ಟರೆ ಒಂದು ಸೀಟಿ ಹೆಚ್ಚಾದರೂ ಸಾಂಬಾರಿನ ಬೇಳೆಯಾಗಿಬಿಡುತ್ತದೆ. ಕಾಳು ಇಡಿಯಾಗಿರಬೇಕು, ಬೆರಳಿಗೆ ಹಿಟ್ಟಾಗಬೇಕು. ಉಳ್ಳಾಗಡ್ಡಿಯನ್ನು ತೆಳ್ಳಗೆ ಹೆಚ್ಚಿ ಶೇಂಗಾ ಎಣ್ಣೆಯಲ್ಲಿ ಕೆಂಪಗೆ ಹುರಿದು, ಆ ಎಣ್ಣೆಯ ಸಮೇತ ಮೇಲೆ ಸುರಿಯಿರಿ.

ಸೋಯಾ ಹಾಲು

ಬೀದರ್ ಜಿಲ್ಲೆ ಸೋಯಾ ಬೆಳೆದು ಎಣ್ಣೆ ಗಿರಣಿಗೆ ಕಳಿಸುತ್ತದೆ, ಮನೆಯ ಒಲೆಗೆ ಅದು ಬರುವುದು ಕಡಿಮೆ. ಚೀನಾದಲ್ಲಿ ಬಿಸಿ ಸೋಯಾ ಹಾಲು, ಅದರಲ್ಲಿ ಅದ್ದಲು ಉದ್ದನೆಯ ಕರಿದ ಹಿಟ್ಟಿನ ಯೌತಿಯಾವೊ ಮುಂಜಾನೆಯ ಮಾಮೂಲು. ಕಿರಾಣಿಯಿಂದ ತಿನ್ನುವ ಸೋಯಾ ಮಾತ್ರ ತನ್ನಿ. ಬಿತ್ತನೆಗೆ ಔಷಧ ಹಚ್ಚಿದ ಬೀಜ ಯಾವ ಕಾರಣಕ್ಕೂ ಬೇಡ.

100 ಗ್ರಾಂ ಕಾಳು ಎಂಟು ತಾಸು ನೆನೆದು ಎರಡು ಪಟ್ಟಿಗಿಂತ ಹೆಚ್ಚು ತೂಗುತ್ತದೆ. ಒಂದು ಕಾಳು ಬಿಡಿಸಿ ನೋಡಿ, ಒಳಮೈ ಸಮತಟ್ಟಾಗಿ ಒಂದೇ ಬಣ್ಣವಿರಬೇಕು. ನಡುವೆ ಹಳದಿ ಗುಳಿ ಇದ್ದರೆ ಇನ್ನೂ ನೆನೆಯಬೇಕು. 800 ಮಿಲಿ ನೀರಿನಲ್ಲಿ ಅರ್ಧವನ್ನು ಕುದಿಸಿ, ಆ ಬಿಸಿ ನೀರಿನ ಜೊತೆಯೇ ರುಬ್ಬಿ (ಜಾರ್ ಅರ್ಧ ಮಾತ್ರ ತುಂಬಿ, ಮುಚ್ಚಳದ ಮೇಲೆ ಅರಿವೆ ಹಿಡಿಯಿರಿ). ಹಸಿ ವಾಸನೆ ತರುವ ಕಿಣ್ವ ಕಾಳು ಒಡೆದ ಕ್ಷಣದಿಂದ ಕೆಲಸ ಶುರು ಮಾಡುತ್ತದೆ, ಬಿಸಿ ನೀರು ಅದನ್ನು ತಡೆಯುತ್ತದೆ. ಉಳಿದ ನೀರು ಬೆರೆಸಿ ಸೋಸಿ, ಹಾಲಿನ ಮೂರು ಪಟ್ಟು ಹಿಡಿಯುವ ಆಳದ ಪಾತ್ರೆಗೆ ಹಾಕಿ.

ಹೆಚ್ಚಿನವರು ಎಡವುವುದು ಇಲ್ಲಿ. ಸುಮಾರು 80 ಡಿಗ್ರಿಗೇ ನೊರೆ ಭುಸ್ಸೆಂದು ಏರುತ್ತದೆ, ನೋಡಿದವರು ಕುದಿಯಿತೆಂದು ಇಳಿಸುತ್ತಾರೆ. ಅದು ಸುಳ್ಳು ಕುದಿ. ಉರಿ ತಗ್ಗಿಸಿ, ಸೌಟಾಡಿಸಿ ನೊರೆ ಇಳಿಸಿ, ನಿಜವಾದ ಗುಳ್ಳೆ ಏಳುವವರೆಗೆ ಕಾದು, ಅಲ್ಲಿಂದ ಹತ್ತು ನಿಮಿಷ ಕುದಿಸಲೇಬೇಕು. ಅರೆಬೆಂದ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಉಳಿದು ವಾಂತಿ, ಹೊಟ್ಟೆನೋವು ತರುತ್ತದೆ. ತಳ ಬೇಗ ಹಿಡಿಯುವುದರಿಂದ ಒಲೆ ಬಿಟ್ಟು ಹೋಗುವ ಹಾಗಿಲ್ಲ. ಸೋಸಿದ ಗಷ್ಟೂ ಹಸಿಯೇ, ರೊಟ್ಟಿ ಹಿಟ್ಟಿಗೋ ವಡೆಗೋ ಸೇರಿಸಿ ಚೆನ್ನಾಗಿ ಬೇಯಿಸಿ. ಯೌತಿಯಾವೊ ಬದಲಿಗೆ ಪೂರಿ ಸಾಕು.

ಗಾಯೊ ಪಿಂತೊ: ರಾಜ್ಮಾ ಮತ್ತು ಮಿಕ್ಕ ಅನ್ನ

ಕೋಸ್ಟರಿಕ, ನಿಕರಾಗುವಾ ಎರಡೂ ದೇಶ ಇದು ತಮ್ಮದೆನ್ನುತ್ತವೆ. ಕೋಸ್ಟರಿಕದಲ್ಲಿ ಹೆಚ್ಚಾಗಿ ಕಪ್ಪು ಕಾಳು, ನಿಕರಾಗುವಾದಲ್ಲಿ ಕೆಂಪು. ನಮಗೆ ಸಿಗುವುದು ಕೆಂಪು ರಾಜ್ಮಾ, ಅದರಲ್ಲಿ ಸಣ್ಣದನ್ನು ಆರಿಸಿ.

ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷಾಂಶವಿದೆ. ನಾಲ್ಕೈದು ಅರೆಬೆಂದ ಕಾಳು ತಿಂದರೂ ಒಂದೆರಡು ತಾಸಿನಲ್ಲಿ ವಾಂತಿ ಭೇದಿ ಶುರುವಾಗಬಹುದು. ಕನಿಷ್ಠ ಐದು ತಾಸು ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬಿರುಸಾಗಿ 30 ನಿಮಿಷ ಕುದಿಸಬೇಕು. ಕುಕ್ಕರಿನಲ್ಲಿ ಚಿಂತೆಯಿಲ್ಲ. ಕುದಿಬಿಂದು ಮುಟ್ಟದ ಸ್ಲೋ ಕುಕ್ಕರ್ ಅಥವಾ ಬಿಸಿ ಡಬ್ಬಿಯಲ್ಲಿ ಇಟ್ಟು ಬೇಯಿಸುವುದು ಅಪಾಯ. 80 ಡಿಗ್ರಿಯಲ್ಲಿ ಬೆಂದ ರಾಜ್ಮಾ ಹಸಿಯದಕ್ಕಿಂತಲೂ ಹೆಚ್ಚು ವಿಷಕಾರಿ ಆಗಬಹುದು.

150 ಗ್ರಾಂ ರಾಜ್ಮಾ ಬೇಯಿಸಿ, ಆ ದಪ್ಪ ನೀರನ್ನು ಉಳಿಸಿಕೊಳ್ಳಿ. ಅನ್ನಕ್ಕೆ ಬಣ್ಣ, ರುಚಿ ಕೊಡುವುದು ಅದೇ. ಎಣ್ಣೆಯಲ್ಲಿ ಉಳ್ಳಾಗಡ್ಡಿ, ಡೊಣ್ಣಮೆಣಸಿನಕಾಯಿ ಹುರಿದು, ಕಾಳು ಮತ್ತು ಅರ್ಧ ಬಟ್ಟಲು ನೀರು ಹಾಕಿ ಅರ್ಧಕ್ಕೆ ಇಂಗಿಸಿ, ಮೂರು ಬಟ್ಟಲು ತಣ್ಣನೆಯ ಅನ್ನ ಬೆರೆಸಿ ದೊಡ್ಡ ಉರಿಯಲ್ಲಿ ಒಣಗುವವರೆಗೆ ಮಗುಚಿ. ಕಡೆಗೆ ಕೋತಂಬರಿ. ಕೋಸ್ಟರಿಕದವರು ಹಾಕುವ ಸಿಹಿಹುಳಿಯ ಲಿಸಾನೊ ಸಾಸ್ ಬದಲು ಒಂದು ಚಮಚ ಹುಣಸೆ ರಸ, ಕಡಲೆಗಾತ್ರದ ಬೆಲ್ಲ, ಚಿಟಿಕೆ ಜೀರಿಗೆ ಪುಡಿ. ಬಿಸಿ ಅನ್ನ ಹಾಕಿದರೆ ಮುದ್ದೆಯಾಗುತ್ತದೆ. ಹಾಗೆಂದು ರಾತ್ರಿಯ ಅನ್ನವನ್ನು ಬೇಸಿಗೆಯಲ್ಲಿ ಹೊರಗಿಡಬೇಡಿ. ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಬಿಟ್ಟ ವಿಷ ಮರುದಿನ ಹುರಿದರೂ ಹೋಗುವುದಿಲ್ಲ. ಊಟವಾದ ತಾಸಿನೊಳಗೆ ತಟ್ಟೆಗೆ ಹರಡಿ ಆರಿಸಿ ಫ್ರಿಜ್‌ಗೆ ಹಾಕಿ.

ಬಿಟ್ಟದ್ದು, ಯಾಕೆ ಬಿಟ್ಟದ್ದು

ಇಂಗ್ಲೆಂಡಿನ ಟೋಸ್ಟ್ ಮೇಲಿನ ಬೀನ್ಸ್ ಡಬ್ಬಿಯಿಂದ ಬರುವ ತಿನಿಸು. ಹೈಂಜ್ ಕಂಪನಿಯ ಮಾಲು 1886ರಲ್ಲೇ ಲಂಡನ್ನಿನ ಫೋರ್ಟ್‌ನಮ್ ಅಂಡ್ ಮೇಸನ್ ಅಂಗಡಿ ಸೇರಿತ್ತು. ಮನೆಯಲ್ಲಿ ಮಾಡಿದರೆ ಸಿಹಿ ಟೊಮ್ಯಾಟೊ ಸಾರಿನ ಬೀನ್ಸ್ ಅಷ್ಟೇ, ಕಷ್ಟಪಡುವಂಥದ್ದಲ್ಲ. ಜಪಾನಿನ ನಾಟೊಗೆ ಬೆಂದ ಸೋಯಾ ಸುಮಾರು 40 ಡಿಗ್ರಿಯಲ್ಲಿ ಒಂದು ದಿನ ಇರಬೇಕು. ಮೇ ತಿಂಗಳ ಕಲಬುರಗಿಯಲ್ಲಿ ಆ ಶಾಖ ಪುಕ್ಕಟೆ ಸಿಗುತ್ತದೆ, ಆದರೆ ಸರಿಯಾದ ಹೆಪ್ಪಿಲ್ಲದೆ ಇಟ್ಟದ್ದು ನಾಟೊ ಆಗುವುದಿಲ್ಲ, ಕೊಳೆತ ಸೋಯಾ ಆಗುತ್ತದೆ. ಸೊಲ್ಲಾಪುರ ದಾರಿಯ ಮಡಕಿ ಕಾಳಿನ ಮಿಸಳ್, ತೆಲಂಗಾಣ ಗಡಿಯ ಹೆಸರಿನ ಪೆಸರಟ್ಟು ಈ ಕಡೆಯವರಿಗೆ ಹೊಸದೇನಲ್ಲ.

ಹೊಸದಾಗಿ ಶುರು ಮಾಡುವವರು ಮೊದಲ ವಾರ ಬೆಂದ ಕಾಳು ಅರ್ಧ ಬಟ್ಟಲು ದಾಟಬೇಡಿ, ಹೊಟ್ಟೆ ಒಗ್ಗಲು ಒಂದೆರಡು ವಾರ ಬೇಕು. ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ನಿಂಬೆ ನೆರವಾಗುತ್ತದೆ, ಚಹಾ ಅಡ್ಡ ಬರುತ್ತದೆ. ನಾಷ್ಟಾದ ಜೊತೆಗೇ ಚಹಾ ಕುಡಿಯುವ ರೂಢಿ ಇದ್ದರೆ ಅದನ್ನು ಒಂದು ತಾಸು ಮುಂದೂಡಿ. ಕಾಳಿನ ವಿಷಯದಲ್ಲಿ ಮನೆಯವರು ಒಪ್ಪದೆ ಹಟ ಹಿಡಿಯುವುದು ಬಹುತೇಕ ಇದೊಂದಕ್ಕೇ.

ದಿನಾ ರಾತ್ರಿ ನೆನೆಸಲು ಆಗದವರು ರವಿವಾರ ಅರ್ಧ ಕೆಜಿ ಕಡಲೆ ಬೇಯಿಸಿ, ಬೆಂದ ನೀರಿನ ಸಮೇತ ಡಬ್ಬಿಗಳಿಗೆ ಹಂಚಿ. ಫ್ರಿಜ್‌ನಲ್ಲಿ ಮೂರು ದಿನ, ಫ್ರೀಜರ್‌ನಲ್ಲಿ ಎರಡು ಮೂರು ತಿಂಗಳು ಇರುತ್ತದೆ. ನೀರು ಬಸಿದು ಇಟ್ಟರೆ ಸಿಪ್ಪೆ ಒಣಗಿ ಬಿರಿಯುತ್ತದೆ. ಕರೆಂಟು ಹೋಗಿ ನಾಲ್ಕು ತಾಸು ದಾಟಿ ಫ್ರಿಜ್‌ನೊಳಗಿನ ಡಬ್ಬಿ ಬೆಚ್ಚಗಾಗಿದ್ದರೆ ಆ ಕಡಲೆಯನ್ನು ತಿನ್ನಬೇಡಿ.